ಗಲ್ಲಾದ ಅಪ್ಪಣೆಗೆ ಕಾಯಿಸಬೇಡಿ

ಹೋಟೆಲು, ಸಲೂನು, ಗ್ಯಾರೇಜು ನಡೆಸುವ ಗೆಳೆಯರಿಗೆ ಒಂದು ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲೇ ಇಡ್ಲಿ ಮಾಡಿ ನೋಡಿದರಂತೆ. ಮುಂದೆ ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ಬೆಲೆ ಇಳಿಸಲೇಬೇಕಾಗಿ ಹೋಟೆಲ್ ನಡೆಸುವುದೇ ಕಷ್ಟವಾದಾಗ, ದಿಢೀರ್ ಮಿಕ್ಸ್‌ಗಳ ಪೊಟ್ಟಣ ಮಾರುವ ದಾರಿ ಹಿಡಿದರು. ದಿಕ್ಕು ಬದಲಿಸುವ ಇಂಥ ಧೈರ್ಯ ಮಾಲೀಕರದ್ದೇ ಆಗಿರಬೇಕು, ಒಪ್ಪುತ್ತೇನೆ.

ಆದರೆ ದಿನದ ನೂರು ಸಣ್ಣ ತೀರ್ಮಾನಗಳನ್ನು ನಿಮ್ಮ ಹುಡುಗರಿಗೆ ಬಿಡಿ. ಸಾಂಬಾರು ಖಾರವೆಂದು ಮಗು ಅಳುತ್ತಿದ್ದರೆ ಸಪ್ಲೈಯರ್ ಯಾರನ್ನೂ ಕೇಳದೆ ಒಂದು ಬಟ್ಟಲು ಮೊಸರು ತಂದಿಡಬೇಕು. ಗಲ್ಲಾದ ಕಡೆ ನೋಡುತ್ತಾ ನಿಂತರೆ ಆ ಗಿರಾಕಿ ಮತ್ತೆ ಬರುವುದು ಅನುಮಾನ. ಅತಿಥಿಯ ತೊಂದರೆ ಸರಿಪಡಿಸಲು ರಿಟ್ಜ್-ಕಾರ್ಲ್‌ಟನ್ ಹೋಟೆಲುಗಳು ಒಬ್ಬೊಬ್ಬ ನೌಕರನಿಗೂ 2,000 ಡಾಲರ್‌ವರೆಗೆ ಸ್ವಂತ ನಿರ್ಧಾರದಿಂದ ಖರ್ಚು ಮಾಡುವ ಅಧಿಕಾರ ಕೊಟ್ಟಿರುವುದು ಹೆಸರುವಾಸಿ. ನಿಮ್ಮಲ್ಲಿ ಅದು 100 ರೂಪಾಯಿಯೇ ಇರಲಿ, ಮಿತಿಯನ್ನು ಮೊದಲೇ ಹೇಳಿಬಿಡಿ.

ರಾತ್ರಿ ಶಟರ್ ಎಳೆಯುವ ಮುನ್ನ, ಇವತ್ತು ಹೊಸದಾಗಿ ಏನು ಮಾಡಿದೆಯಪ್ಪಾ ಎಂದು ಒಬ್ಬೊಬ್ಬ ಹುಡುಗನನ್ನೂ ಕೇಳಿ. ನಾಳೆಯ ಮೆನು ಅಲ್ಲಿಂದಲೇ ಹುಟ್ಟಬಹುದು. ಅವನ ಲೆಕ್ಕ ತಪ್ಪಿದ್ದರೂ ಸಂಬಳದಲ್ಲಿ ಮಾತ್ರ ಮುರಿದುಕೊಳ್ಳಬೇಡಿ. ಒಮ್ಮೆ ಮುರಿದರೆ ಮರುದಿನದಿಂದ ಎಲ್ಲರೂ ಎಲ್ಲದಕ್ಕೂ ನಿಮ್ಮ ಮುಖವನ್ನೇ ನೋಡುತ್ತಾರೆ.