ಸ್ಕ್ರೀನ್‌ಶಾಟ್ ಬೇಡ, ಸಾಲಿನ ನಂಬರ್ ಹೇಳಿ

ಮಿನಿ ಪ್ರಾಜೆಕ್ಟ್‌ಗೆ ಕೆಲಸ ಹಂಚುವಾಗ, ಕಣ್ಣು ಕಾಣದ ನಮ್ಮ ತಂಡದ ಗೆಳೆಯನಿಗೆ 'ರಿಪೋರ್ಟ್ ನೀನು ಬರಿ, ಸಾಕು' ಅಂದುಬಿಟ್ವಿ. ಸಹಾಯ ಮಾಡ್ತಿದ್ದೀವಿ ಅಂತಲೇ ನಮ್ಮ ಲೆಕ್ಕ. ನಿನಗೇನು ಇಷ್ಟ ಅಂತ ಒಬ್ಬರೂ ಕೇಳಲಿಲ್ಲ.

ಅವನು ಕೋಡ್ ಓದುವುದು ಕಿವಿಯಿಂದ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪರದೆಯಲ್ಲಿರುವ ಪಠ್ಯವನ್ನು ಓದಿ ಹೇಳುತ್ತದೆ. 2006ರಲ್ಲಿ ಇದನ್ನು ಶುರು ಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರಿಗೂ ದೃಷ್ಟಿಯಿಲ್ಲ. ಉಚಿತ, ಓಪನ್ ಸೋರ್ಸ್, ಬಹುಪಾಲು ಪೈಥಾನ್‌ನಲ್ಲೇ ಬರೆದದ್ದು. ಸೆಟ್ಟಿಂಗ್ ಆನ್ ಮಾಡಿದರೆ ಇಂಡೆಂಟೇಷನ್ ಕೂಡ ಬೀಪ್ ಸ್ವರದ ಏರಿಳಿತದಲ್ಲಿ ಕೇಳಿಸುತ್ತದೆ. ನಾವು ಒಂದು ಗಂಟೆ ಹುಡುಕಿದ ಸ್ಪೇಸ್ ತಪ್ಪನ್ನು ಅವನು ಹಾಗೇ ಹಿಡಿದ!

ತೊಂದರೆ ಕೊಡುತ್ತಿದ್ದದ್ದು ನಾವೇ. ಗ್ರೂಪಿಗೆ ಎರರ್‌ನ ಸ್ಕ್ರೀನ್‌ಶಾಟ್ ಹಾಕಿದರೆ ಅವನಿಗೆ ಸಿಗುವುದು 'ಇಮೇಜ್' ಅನ್ನೋ ಮಾತಷ್ಟೇ. ಎರರ್ ಅನ್ನು ಪಠ್ಯವಾಗಿಯೇ ಪೇಸ್ಟ್ ಮಾಡಿ. 'ಇಲ್ಲಿ ನೋಡು' ಅನ್ನೋ ಬದಲು '42ನೇ ಸಾಲು' ಅನ್ನಿ. ಇಆರ್ ಡಯಾಗ್ರಾಮ್ ಕಳಿಸಿದರೆ ಯಾವ ಟೇಬಲ್ ಯಾವುದಕ್ಕೆ ಸೇರಿದೆ ಅಂತ ಕೆಳಗೆ ಎರಡು ಸಾಲು ಬರೆಯಿರಿ. (ವೈವಾದಲ್ಲಿ ಆ ಎರಡು ಸಾಲೇ ನಮ್ಮನ್ನೂ ಕಾಪಾಡಿತು.)

ಲ್ಯಾಬ್‌ನಲ್ಲಿ ಮಾತಿಗೆ ಮೊದಲು ನಿಮ್ಮ ಹೆಸರು ಹೇಳಿ, ಎದ್ದು ಹೋಗುವಾಗಲೂ ಹೇಳಿ. ಕೈ ಹಿಡಿದು ಎಳೆಯಬೇಡಿ. ಬೇಕಾ ಅಂತ ಕೇಳಿ ಮೊಣಕೈ ಕೊಡಿ. ದಾರಿಯಲ್ಲಿ ಬ್ಯಾಗ್ ಇಡಬೇಡಿ. 'ಮ್ಯಾಚ್ ನೋಡಿದ್ಯಾ?' ಅಂದು ನಾಲಿಗೆ ಕಚ್ಚಿಕೊಳ್ಳುವ ಅಗತ್ಯವಿಲ್ಲ, ಅವನೂ ಹಾಗೇ ಮಾತಾಡೋದು.

ಈ ಸೆಮಿಸ್ಟರ್ ಮೊದಲೇ ಕೇಳಿದೆವು. ಡೇಟಾಬೇಸ್ ತನಗೇ ಬೇಕು ಅಂದ. ರಿಪೋರ್ಟ್ ಈಗ ನಮ್ಮ ತಲೆ ಮೇಲಿದೆ.