ಯಾರ ಮಾತು ಅದು?

ಸೋತಾಗ ‘ನನ್ನ ಕೈಲಾಗದು’ ಅನ್ನಿಸುತ್ತದಲ್ಲ, ಆ ಮಾತನ್ನು ಮೊದಲು ಹೇಳಿದವರು ಯಾರೆಂದು ಕೇಳಿಕೊಳ್ಳಿ. ಎಷ್ಟೋ ಸಲ ಅದು ನಮ್ಮ ಮಾತೇ ಆಗಿರುವುದಿಲ್ಲ; ನಮ್ಮನ್ನು ಕಂಡು ಮರುಗಿದ ಬೇರೆಯವರದ್ದಾಗಿರುತ್ತದೆ.

ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ ಕೂಸಾಗಿದ್ದಾಗಲೇ ಜ್ವರ ಬಂದು ಮೈಯೆಲ್ಲ ಸ್ವಾಧೀನ ತಪ್ಪಿತು. ದೀರ್ಘ ಚಿಕಿತ್ಸೆಯ ನಂತರ ಸೊಂಟದಿಂದ ಮೇಲಕ್ಕೆ ಮಾತ್ರ ಶಕ್ತಿ ಮರಳಿತು. ಆ ತೋಳುಗಳಿಂದಲೇ ಅವರು ಗುಂಡು, ಡಿಸ್ಕಸ್, ಜಾವೆಲಿನ್ ಎಸೆದರು, ಗಾಲಿಕುರ್ಚಿ ಓಟಕ್ಕಿಳಿದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂದವು. ನನಗೆ ಇನ್ನೂ ದೊಡ್ಡದಾಗಿ ಕಾಣುವುದು, ಅಂಗವಿಕಲ ಮಕ್ಕಳಿಗಾಗಿ ಅವರು ಮಾತೃ ಫೌಂಡೇಶನ್ ಕಟ್ಟಿದ್ದು. ‘ಅಯ್ಯೋ ಪಾಪ’ ಎನಿಸಿಕೊಳ್ಳುವುದನ್ನೇ ಗುರುತು ಮಾಡಿಕೊಂಡವರಿಂದ ಅದು ಆಗುತ್ತಿರಲಿಲ್ಲ.

ಇವತ್ತು ನಿಮ್ಮಿಂದ ಆಗುವ ಒಂದು ಕೆಲಸ ಆರಿಸಿ, ಶುರುಮಾಡಿ. ಆಗದ್ದಕ್ಕೆ ನೆರವು ಕೇಳಲು ನಾಚಬೇಡಿ.