ಮನೆಯ ಹಳೆಯ ರೇಡಿಯೋ ಮತ್ತು ಮಮಕಾರ

ಚಾತುರ್ಮಾಸ್ಯ ಬಂತೆಂದರೆ ನಮ್ಮ ಮನೆಗಳಲ್ಲಿ ಬಿಡುವುದರ ಪಾಠ ಆರಂಭವಾಗುತ್ತದೆ. ಮೊದಲ ತಿಂಗಳು ಶಾಕ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ. ಹೀಗೆ ಒಂದೊಂದನ್ನು ಬಿಟ್ಟು, ವ್ರತ ಮುಗಿದಾಗ ಬಿಟ್ಟ ವಸ್ತುವನ್ನೇ ದಾನಮಾಡಿ ಕೃಷ್ಣಾರ್ಪಣ ಎನ್ನುತ್ತೇವೆ. ನಾಲಿಗೆಯ ರುಚಿಯನ್ನು ಬಿಡಬಲ್ಲ ನಮಗೆ ಮನೆಯ ಮೂಲೆಯಲ್ಲಿ ಕುಳಿತ ಕೆಟ್ಟ ಯಂತ್ರವೊಂದನ್ನು ಬಿಡುವುದು ಏಕೆ ಕಷ್ಟವಾಗುತ್ತದೆ? ಈ ಪ್ರಶ್ನೆಯನ್ನು ನಮ್ಮ ಮನೆಯ ಪ್ರಸಂಗದಿಂದಲೇ ವಿಚಾರ ಮಾಡೋಣ.

ಆ ಯಂತ್ರವು ಒಂದು ವಾಲ್ವ್ ರೇಡಿಯೋ. ನಮ್ಮ ಅಜ್ಜನವರು ಅದನ್ನು ಹಳೆಯ ಬಾಗಲಕೋಟೆಯ ಮನೆಗೆ ತಂದವರು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳ ತಂತು ಕಾಯುವವರೆಗೆ ಸುಮಾರು ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಕಾಯಬೇಕಾಗಿತ್ತು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಿಂದ ಮುಂಜಾನೆ ದಾಸರ ಪದ ಬಂದರೆ ಅಜ್ಜನವರು ತುಳಸಿ ಬಿಡಿಸುತ್ತಲೇ ಕಿವಿಗೊಡುತ್ತಿದ್ದರಂತೆ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಖಂಡೇನವಮಿಯ ದಿನ ಅದಕ್ಕೂ ಕುಂಕುಮ, ಹೂವು ತಪ್ಪುತ್ತಿರಲಿಲ್ಲ.

1964ರ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದಿತು. ಅದರ ಹಿನ್ನೀರು ಘಟಪ್ರಭೆಯ ದಂಡೆಯ ನಮ್ಮ ಊರನ್ನು ಮುಟ್ಟುವ ಹೊತ್ತಿಗೆ ನಾವು ಬಾಲಕರು. ಓಣಿಯ ಹೆಸರು ಹೇಳಿ ಬದುಕಿದ ಜನ ನವನಗರದ ಸೆಕ್ಟರ್ ಸಂಖ್ಯೆಗೆ ಬಂದೆವು. ಪಡಸಾಲೆ ಬರಲಿಲ್ಲ, ಬಾವಿ ಬರಲಿಲ್ಲ, ತುಳಸಿಯ ಕಟ್ಟೆ ಬರಲಿಲ್ಲ. ರೇಡಿಯೋ ಮಾತ್ರ ಕೌದಿಯಲ್ಲಿ ಸುತ್ತಿಕೊಂಡು ಬಂದಿತು. ಆದುದರಿಂದ ಅದು ನಮ್ಮ ಪಾಲಿಗೆ ಕೇವಲ ರೇಡಿಯೋ ಆಗಿ ಉಳಿಯಲಿಲ್ಲ. ನೀರಿನಲ್ಲಿ ಹೋದ ಮನೆಯೇ ಆ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸೇರಿಕೊಂಡಿತು. ಕೆಲವು ವರ್ಷ ಮಾತನಾಡಿ ಅದು ಮೂಕವಾಯಿತು. ವಾಲ್ವು ಸಿಗುವುದಿಲ್ಲವೆಂದು ರಿಪೇರಿಯವರು ಕೈಚೆಲ್ಲಿದರು. ನಾವು ಅದನ್ನು ಟ್ರಂಕಿನ ಮೇಲಿರಿಸಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಧೂಳು ಒರೆಸಿದೆವು.

ಒಮ್ಮೆ ಗುಡಿಯಲ್ಲಿ ಭಾಗವತದ ಐದನೆಯ ಸ್ಕಂಧದ ಭರತರಾಜನ ಕಥೆ ಹೇಳುವ ಸರದಿ ನಮ್ಮದಾಗಿತ್ತು. ರಾಜ್ಯವನ್ನೇ ಬಿಟ್ಟು ಗಂಡಕೀ ತೀರಕ್ಕೆ ಹೋದ ಮಹಾನುಭಾವನು ತಾಯಿಯಿಲ್ಲದ ಒಂದು ಜಿಂಕೆಯ ಮರಿಯನ್ನು ಬಿಡಲಾರದೆ, ಅಂತ್ಯಕಾಲದಲ್ಲಿ ಅದನ್ನೇ ನೆನೆದು ಜಿಂಕೆಯಾಗಿ ಹುಟ್ಟಿದನೆಂಬುದನ್ನು ವಿಸ್ತಾರವಾಗಿ ಹೇಳಿದೆವು. ಮನೆಗೆ ಬಂದ ಮೇಲೆ ನಮ್ಮ ತೀರ್ಥರೂಪರು ಟ್ರಂಕಿನ ಕಡೆಗೆ ನೋಡಿ, “ಬಿಡ್ರಿ ಅಂತ ಮಂದಿಗೆ ಛಲೋ ಹೇಳಿದಿ. ಮನ್ಯಾಗಿನ ಜಿಂಕಿ ಎಂದ ಬಿಡ್ತಿ?” ಎಂದರು. ಪೆಟ್ಟಿಗೆ ಅವರ ತಂದೆಯವರದು. ಆದರೆ ಅದನ್ನು ಹಿಡಿದುಕೊಂಡವರು ನಾವು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಇಲ್ಲಿ ಶಾಸ್ತ್ರವನ್ನು ಸರಿಯಾಗಿ ತಿಳಿಯಬೇಕು. ಜಗತ್ತು ಸತ್ಯವೆಂಬುದು ನಮ್ಮ ಸಿದ್ಧಾಂತ. ಆದ್ದರಿಂದ ರೇಡಿಯೋ ಸುಳ್ಳಲ್ಲ, ಅದರಿಂದ ಅಜ್ಜನವರು ಪಡೆದ ಸಂತೋಷವೂ ಸುಳ್ಳಲ್ಲ. ಸುಳ್ಳಾದುದು “ನನ್ನದು” ಎಂಬ ಮಾತು. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಸ್ವತಂತ್ರನು ವಿಷ್ಣುವೊಬ್ಬನೇ ಎಂದರು. ಈಶಾವಾಸ್ಯದ ಮೊದಲ ಮಂತ್ರಕ್ಕೂ, ಅವನು ಕೊಟ್ಟದ್ದನ್ನು ಉಣ್ಣು ಎಂದೇ ಅವರ ಅರ್ಥ. ಕೊಟ್ಟವನು ಹಿಂದೆಗೆದುಕೊಂಡರೆ ದುಃಖ ಬರಬಹುದು. ತಗಾದೆಗೆ ಮಾತ್ರ ಅವಕಾಶವಿಲ್ಲ. ಭರತನ ತಪ್ಪು ಜಿಂಕೆಗೆ ದಯೆ ತೋರಿದ್ದರಲ್ಲಿ ಇರಲಿಲ್ಲ. ದಯೆಯ ಹೆಸರಿನಲ್ಲಿ ಅನುಷ್ಠಾನವನ್ನು ಮರೆತದ್ದೇ ತಪ್ಪಾಯಿತು.

ಹಾಗಾದರೆ ದಾನ ಮಾಡಿಬಿಡೋಣವೇ? ಇಲ್ಲಿಯೂ ಎಚ್ಚರಿಕೆ ಬೇಕು. ಕಠೋಪನಿಷತ್ತಿನಲ್ಲಿ ತಂದೆಯು ಯಜ್ಞದಲ್ಲಿ ಕೊಡುತ್ತಿದ್ದ ಬತ್ತಿದ, ಮುದಿ ಹಸುಗಳನ್ನು ಕಂಡು ಬಾಲಕ ನಚಿಕೇತನು ಕಳವಳಗೊಂಡನು. ಕೆಟ್ಟ ರೇಡಿಯೋವನ್ನು ಬಡವರ ಮನೆಗೆ ಕೊಟ್ಟು ದಾನವೆಂದರೆ ನಾವೂ ಅಂಥ ಹಸುವನ್ನೇ ಕೊಟ್ಟಂತೆ. ಮಾತನಾಡುತ್ತಿದ್ದ ಕಾಲದಲ್ಲಿಯೇ ಕೇಳುವವರಿಗೆ ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು. ಆ ಹೊತ್ತನ್ನು ನಾವು ಕಳೆದುಕೊಂಡಿದ್ದೆವು.

ಕೊನೆಗೆ, ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುವ ಒಬ್ಬ ವೃದ್ಧ ಕುಶಲಕರ್ಮಿಗೆ, ಇದು ಕೆಟ್ಟಿದೆ ಎಂದು ಹೇಳಿಯೇ ಒಪ್ಪಿಸಿದೆವು. ಐದು ವಾಲ್ವುಗಳಲ್ಲಿ ಎರಡು ಇನ್ನೂ ಜೀವಂತವಾಗಿದ್ದವು. ತಿಂಗಳ ತರುವಾಯ ಅವರ ಅಂಗಡಿಗೆ ಹೋದಾಗ ಬೇರೆ ಯಾರದೋ ಮನೆಯ ರೇಡಿಯೋಗೆ ಅವುಗಳಲ್ಲಿ ಒಂದನ್ನು ಕೂಡಿಸಿದ್ದರು. ಗುಂಡಿ ತಿರುಗಿಸಿದರು, ಅರ್ಧ ನಿಮಿಷ ಇಬ್ಬರೂ ಸುಮ್ಮನೆ ಕಾಯ್ದೆವು, ಅದು ಮಾತನಾಡಿತು. ಮನೆಗೆ ಬಂದು ಹೇಳಿದಾಗ ತೀರ್ಥರೂಪರು ಮಾತನಾಡಲಿಲ್ಲ, ಕಣ್ಣೊರೆಸಿಕೊಂಡರು. ಅವರಿಗೂ ಅದನ್ನು ಬಿಡುವುದು ಸುಲಭವಾಗಿರಲಿಲ್ಲವೆಂದು ಆಗ ತಿಳಿಯಿತು.

ವಾಚಕರು ಮನೆಯಲ್ಲಿ ಅನುಸರಿಸಬಹುದಾದ ಕೆಲವು ಮಾತುಗಳು:

1. ಉಪಯೋಗಿಸದ ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ಬೇಕಾದವರಿಗೆ ಕೊಡಿರಿ.

2. ಬಹುಕಾಲ ಮುಚ್ಚಿಟ್ಟ ವಾಲ್ವ್ ರೇಡಿಯೋವನ್ನು ಕರೆಂಟಿಗೆ ಹಚ್ಚಬೇಡಿರಿ. ಒಳಗೆ 200 ವೋಲ್ಟಿಗೂ ಮೀರಿದ ವಿದ್ಯುತ್ತಿರುತ್ತದೆ, ತಿಳಿದವರೇ ನೋಡಬೇಕು.

3. ತೀರ ಕೆಟ್ಟುದನ್ನು ತಿಪ್ಪೆಗೆ ಎಸೆಯದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. 2023ರ ಏಪ್ರಿಲ್ 1ರಿಂದ ಇದಕ್ಕಾಗಿ ಹೊಸ ನಿಯಮಗಳೂ ಜಾರಿಯಲ್ಲಿವೆ.

4. ಕೊಡುವ ಮೊದಲು ಅದರ ಕಥೆಯನ್ನು ಮಕ್ಕಳಿಗೆ ಹೇಳಿರಿ. ನೆನಪು ಪೆಟ್ಟಿಗೆಯಲ್ಲಿಲ್ಲ, ಹೇಳುವ ಬಾಯಿಯಲ್ಲಿದೆ.

ಪ್ರಸನ್ನವೆಂಕಟದಾಸರು ಹುಟ್ಟಿದ್ದು ಇದೇ ಬಾಗಲಕೋಟೆಯಲ್ಲಿ. ಅವರು ಬರಿಗೈಯಲ್ಲಿ ಮನೆ ಬಿಟ್ಟು ತಿರುಪತಿಗೆ ನಡೆದರೆಂದು ಹಿರಿಯರು ಹೇಳುತ್ತಾರೆ. ಇಂದು ಅವರ ಪದಗಳು ನವನಗರದ ಮನೆಮನೆಯಲ್ಲಿ ಕೇಳಿಸುತ್ತವೆ. ಅಜ್ಜನವರ ಪೆಟ್ಟಿಗೆ ಹೋಯಿತು. ಅವರು ತುಳಸಿ ಬಿಡಿಸುತ್ತ ಕೇಳಿದ ಪದವನ್ನು ಈಗ ನಮ್ಮ ಮಾತೃಶ್ರೀಯವರು ಹೂಬತ್ತಿ ಹೊಸೆಯುತ್ತ ಹಾಡುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು.